ಎಪ್ಪತ್ತೈದು ಪೌಂಡು ಹಗುರ

ಭಾನುವಾರದ ಊಟಕ್ಕೆ ಮೇಜಿನ ನಡುವೆ ಹಂದಿಯ ತೊಡೆ ಬಂದು ಕೂತಿತೆಂದರೆ ಎಲ್ಬರ್ಟ್ ಕೆಟ್ನರನ ಹಸಿವು ಸತ್ತುಹೋಗುತ್ತಿತ್ತು. ಹಾಗೆಂದು ಅವನಿಗೆ ಆ ತೊಡೆಯ ಮೇಲೆ ದ್ವೇಷವೇನೂ ಇರಲಿಲ್ಲ. ಉಪ್ಪು ಸವರಿ, ತಿಂಗಳುಗಟ್ಟಲೆ ಹೊಗೆಗೆ ತೂಗುಹಾಕಿದ ಅಂಥ ಮಾಲು ಉತ್ತರ ಕೆರೊಲಿನಾದ ಆ ಗುಡ್ಡಗಳ ನಡುವೆ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಅವನ ತಕರಾರೆಲ್ಲ ಅದು ಮನೆಗೆ ಬರುತ್ತಿದ್ದ ದಾರಿಯ ಬಗ್ಗೆ. ಬ್ರಶಿ ಹಾಲೋ ಮೈದಾನದಲ್ಲಿ ಶನಿವಾರದ ಕಾರ್ ರೇಸ್ ಗೆದ್ದವನಿಗೆ ಕೊಡುವ ಬಹುಮಾನ ಅದು. ಗೆಲ್ಲುವವನು ಅವನ ಹೆಂಡತಿಯ ತಮ್ಮ ರ್‍ಯಾಂಡಲ್. ಚರ್ಚಿನಿಂದ ನೇರವಾಗಿ ಅಕ್ಕನ ಮನೆಗೆ ಬಂದು, ತೊಡೆಯನ್ನು ಮೇಜಿನ ಮೇಲಿಟ್ಟು, ಚಾಕುವನ್ನು ಎಲ್ಬರ್ಟನ ಕೈಗೇ ಕೊಡುತ್ತಿದ್ದ.

"ನೀನೇ ಕೊಯ್ಯಿ ಭಾವ. ಗೆಲ್ಲೋ ಕಷ್ಟ ನಾನು ಪಟ್ಟಿದೀನಿ, ಹಂಚೋ ಕಷ್ಟ ನೀನು ಪಡು."

ಮೂವತ್ತೊಂದು ವರ್ಷ. ಎಲ್ಬರ್ಟ್ ಆ ಮೂರನೇ ಒಂದು ಮೈಲಿಯ ಮೊಟ್ಟೆಯಾಕಾರದ ಡಾಂಬರಿನ ಮೇಲೆ ಮೂವತ್ತೊಂದು ವರ್ಷ ಎಡಕ್ಕೆ ತಿರುಗಿದ್ದ. ಹದಿನಾಲ್ಕು ಸಲ ಎರಡನೆಯವನಾಗಿದ್ದ, ಒಂದು ಸಲವೂ ಮೊದಲನೆಯವನಾಗಿರಲಿಲ್ಲ. ಮೈದಾನದ ಕ್ಯಾಂಟೀನಿನ ಗೋಡೆಯ ಮೇಲೊಂದು ಹಲಗೆ ಇತ್ತು. ಒಂದೇ ಒಂದು ಸಲ ಗೆದ್ದವನ ಹೆಸರನ್ನೂ ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ಮೂರು ಚಕ್ರದ ಮೇಲೆ ಗೆರೆ ದಾಟಿದವನ ಹೆಸರಿತ್ತು, ಮುಂದಿದ್ದವರೆಲ್ಲ ಒಬ್ಬರಿಗೊಬ್ಬರು ಗುದ್ದಿಕೊಂಡಿದ್ದರಿಂದ ಗೆದ್ದ ಹಲ್ಲಿನ ಡಾಕ್ಟರನ ಹೆಸರೂ ಇತ್ತು. ಎಲ್ಬರ್ಟ್ ಕೆಟ್ನರನ ಹೆಸರಿರಲಿಲ್ಲ. ಆಗಸ್ಟಿನಲ್ಲಿ, ಅವನ ದೃಷ್ಟಿ ಮಂದವಾಗುತ್ತಿದೆ ಎಂದು ಬರೆದಿದ್ದ ಕಣ್ಣಿನ ವೈದ್ಯರ ಚೀಟಿಯನ್ನು ಎರಡು ಸಲ ಓದಿದ ಹೆಂಡತಿ ವಿಲೀನಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ಈ ಸೆಪ್ಟೆಂಬರಿಗೆ ಮುಗೀತು. ಆಮೇಲೂ ಆ ಕಾರು ಹತ್ತಿದ್ರೆ ಅದರಲ್ಲೇ ಮಲ್ಕೋ, ಹಾಸಿಗೆ ನಾನೇ ಕಳಿಸಿಕೊಡ್ತೀನಿ," ಎಂದಳು.

ಉಳಿದದ್ದು ಒಂದೇ ರೇಸ್. ಸೀಸನ್ನಿನ ಕೊನೆಯದು, ಐವತ್ತು ಸುತ್ತು, ಶನಿವಾರ ಮಧ್ಯಾಹ್ನ ಎರಡಕ್ಕೆ. ಹಲಗೆಯ ಮೇಲೆ ಹೆಸರಿಲ್ಲದೆ ತಾನು ಮುದುಕನಾಗುವುದು ಎಲ್ಬರ್ಟನಿಗೆ ಸಹಿಸಲಾಗದ ಸಂಗತಿಯಾಗಿತ್ತು. ಪ್ರಾಮಾಣಿಕವಾಗಿ ಸೋಲುವುದನ್ನು ಅವನು ಸಾಕಷ್ಟು ಮಾಡಿ ನೋಡಿದ್ದ. ಇನ್ನೊಂದನ್ನೂ ಮಾಡಿ ನೋಡೋಣ ಅನ್ನಿಸಿತು.

ಬ್ರಶಿ ಹಾಲೋದಲ್ಲಿ ಮೋಸ ಮಾಡಿದವರು ಬೇಕಾದಷ್ಟು ಜನ ಇದ್ದರು. ಆದರೆ ಅವರೆಲ್ಲ ಸಿಕ್ಕಿಬಿದ್ದವರು. ಹಿಡಿದವರು ಮಿಸ್ ಓಪಲ್. ನಲವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ, ನಿವೃತ್ತಿಯಾದ ಮೇಲೆ ಬೇಜಾರು ಕಳೆಯಲು ರೇಸ್ ಕಾರುಗಳ ತಪಾಸಣೆಗೆ ನಿಂತ ಹೆಂಗಸು. ಓಡಿಸುವವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಮಗ್ಗಿ ಕಲಿತವರೇ. ರೇಸ್ ಮುಗಿದ ಮೇಲೆ ಗೆದ್ದ ಕಾರಿನ ಎಂಜಿನ್ನಿಗೆ ಅವರು ಕೈ ಹಾಕುತ್ತಿದ್ದರು. ಟಯರುಗಳನ್ನಂತೂ ಒಂದೊಂದಾಗಿ ಮುಟ್ಟಿ, ಮೂಸಿ, ಮುಳ್ಳಿನ ಮಾಪಕ ಚುಚ್ಚಿ ನೋಡುತ್ತಿದ್ದರು. ರಬ್ಬರು ಮೆತ್ತಗಾಗಿ ಡಾಂಬರಿಗೆ ಕಚ್ಚಿಕೊಳ್ಳಲೆಂದು ಟಯರಿಗೆ ಔಷಧಿ ಕುಡಿಸುವುದು ಆ ಕಡೆಯ ಹಳೆಯ ಚಾಳಿ.

ಎಲ್ಬರ್ಟ್ ಎರಡು ವಾರ ಮಿಸ್ ಓಪಲ್‌ರ ತಲೆಯೊಳಗೆ ಕೂತು ಯೋಚಿಸಿದ. ಎಂಜಿನ್ ಬೇಡ, ಟಯರು ಬೇಡ. ಉಳಿದದ್ದು ತೂಕ. ಓಡಿಸುವವನೂ ಸೇರಿ ಕಾರು ಮೂರು ಸಾವಿರ ಪೌಂಡಿಗೆ ಕಡಿಮೆ ಇರಬಾರದು ಎಂಬುದು ನಿಯಮ. ತೂಗುತ್ತಿದ್ದದ್ದು ಒಳಗೆ ಬರುವಾಗ, ಗೇಟಿನ ನೆಲದಲ್ಲಿ ಹೂತಿದ್ದ ದನದ ಸಂತೆಯ ಹಳೆಯ ತಕ್ಕಡಿಯ ಮೇಲೆ. ರೇಸ್ ಮುಗಿದ ಮೇಲೆ ಅದೇ ಗೇಟಿನಲ್ಲಿ ಮನೆಗೆ ಹೊರಟವರ ಪಿಕಪ್ ಸಾಲು ನಿಂತಿರುತ್ತಿತ್ತು. ಆದ್ದರಿಂದ ಎರಡನೇ ಸಲ ಯಾರನ್ನೂ ತೂಗಿದ್ದು ಅವನ ನೆನಪಿನಲ್ಲಿರಲಿಲ್ಲ.

ಅಂದರೆ ಒಳಗೆ ಬರುವಾಗ ಭಾರ ಇರಬೇಕು, ರೇಸ್ ಶುರುವಿನ ಹಸಿರು ಬಾವುಟ ಬೀಳುವಾಗ ಇರಬಾರದು. ಇದು ಹೊಳೆದ ದಿನ ಎಲ್ಬರ್ಟ್ ಕೊಟ್ಟಿಗೆಯಲ್ಲಿ ಒಬ್ಬನೇ ನಕ್ಕ, ಹೊರಗೆ ಬಟ್ಟೆ ಒಣಹಾಕುತ್ತಿದ್ದ ವಿಲೀನಾ ಇಣುಕಿ ನೋಡಿ ಹೋದಳು.

ಸೆಪ್ಟೆಂಬರ್ ಎಂದರೆ ಪಾರಿವಾಳದ ಬೇಟೆ ಶುರುವಾಗುವ ತಿಂಗಳು. ಊರಿನ ಗಂಡಸರೆಲ್ಲ ತೋಟಾ ತುಂಬಲು ಸೀಸದ ಕಾಳು ಕೊಳ್ಳುವ ಕಾಲದಲ್ಲಿ ಎಲ್ಬರ್ಟ್ ಮೂರು ಚೀಲ ಕೊಂಡರೆ ಯಾರು ಕೇಳುತ್ತಾರೆ? ಸಾಸಿವೆಗಿಂತ ದೊಡ್ಡ, ಮೆಣಸಿನ ಕಾಳಿಗಿಂತ ಸಣ್ಣ ಗುಂಡುಗಳು, ಒಟ್ಟು ಎಪ್ಪತ್ತೈದು ಪೌಂಡು. ಕಾರಿನ ಬಲಪಕ್ಕದ ಅಡಿಯಲ್ಲಿದ್ದ ಚೌಕದ ಕಬ್ಬಿಣದ ಕೊಳವೆ ಒಳಗೆ ಟೊಳ್ಳು. ಅದರ ಮೇಲೊಂದು ತೂತು ಕೊರೆದು ಕಾಳು ಸುರಿದ. ಹಿಂತುದಿಯಲ್ಲಿ ಬಿಸ್ಕತ್ತಿನ ಡಬ್ಬಿಯ ತಗಡಿನಿಂದ ಪುಟ್ಟ ಕದ ಮಾಡಿ, ಹಳೇ ಟ್ರಾಕ್ಟರಿನ ತಂತಿಯನ್ನು ಸೀಟಿನ ಪಕ್ಕಕ್ಕೆ ಎಳೆದುತಂದ. ತಂತಿ ಎಳೆದರೆ ಕದ ತೆರೆಯಬೇಕು, ಬಿಟ್ಟರೆ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳಬೇಕು. ಕೊಟ್ಟಿಗೆಯ ನೆಲದ ಮೇಲೆ ಆರು ಸಲ ಪರೀಕ್ಷೆ ಮಾಡಿದ. ಹನ್ನೊಂದು ಸೆಕೆಂಡಿನಲ್ಲಿ ಕೊಳವೆ ಖಾಲಿ. ಆರು ಸಲವೂ ಪೊರಕೆ ಹಿಡಿದು ಕಾಳನ್ನೆಲ್ಲ ಗುಡಿಸಿ ತುಂಬಿದ. ಮನೆಯಲ್ಲಿ ಅವನು ಪೊರಕೆ ಮುಟ್ಟಿದ್ದನ್ನು ವಿಲೀನಾ ಎಂದೂ ಕಂಡವಳಲ್ಲ.

ಸುರಿಯುವ ಜಾಗವನ್ನೂ ಅವನು ಆರಿಸಿದ್ದ. ರೇಸಿಗೆ ಮುಂಚೆ ಎಲ್ಲ ಕಾರುಗಳೂ ಟಯರು ಬಿಸಿಮಾಡಿಕೊಳ್ಳಲು ಮೂರು ಸುತ್ತು ನಿಧಾನವಾಗಿ, ಅಡ್ಡಾದಿಡ್ಡಿ ಹೊರಳಾಡುತ್ತ ಹೋಗುತ್ತವೆ. ಆಗ ಯಾರು ಎಲ್ಲಿ ಹೋದರೂ ಯಾರೂ ಕೇಳುವುದಿಲ್ಲ. ಮೂರನೇ ತಿರುವಿನಲ್ಲಿ ಡಾಂಬರು ಒಳಗಿನ ಹುಲ್ಲಿನ ಕಡೆಗೆ ಇಳಿಜಾರು. ಸುರಿದ ಕಾಳು ತಾನಾಗಿ ಉರುಳಿ ಹುಲ್ಲಿನಂಚಿನ ತಗ್ಗಿಗೆ ಸೇರುತ್ತದೆ. ಅಷ್ಟು ಕೆಳಗೆ ರೇಸಿನಲ್ಲಿ ಯಾವ ಕಾರೂ ಇಳಿಯುವುದಿಲ್ಲ. ಅಲ್ಲಿ ಕಾರುಗಳು ಜಾರಿ ಬರುವ ಭಯವಿರುವುದರಿಂದ ರೇಸ್ ಮುಗಿಯುವತನಕ ಹಗ್ಗ ಕಟ್ಟಿ ಜನರನ್ನೂ ನಿಲ್ಲಗೊಡುವುದಿಲ್ಲ. ಬೂದು ಡಾಂಬರು, ಬೂದು ಕಾಳು. ಒಂದು ಮಳೆ ಬಂದರೆ ಎಲ್ಲ ಮಣ್ಣುಪಾಲು. ಎಡಕ್ಕೇ ತಿರುಗುವ ಕಾರಿನ ಬಲಗಡೆಯಿಂದ ಎಪ್ಪತ್ತೈದು ಪೌಂಡು ಇಳಿದರೆ ಏನಾಗುತ್ತದೆಂದು ಅವನು ಕಾಗದದ ಮೇಲೂ ಬರೆದು ನೋಡಿದ್ದ: ತಿರುವಿನಲ್ಲಿ ಕಾರು ಹೊರಕ್ಕೆ ಜಾರುವುದು ಕಡಿಮೆಯಾಗುತ್ತದೆ. ಮಿಸ್ ಓಪಲ್ ಕಲಿಸಿದ ಲೆಕ್ಕ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು. ಗೆದ್ದ ಮೇಲೆ ಆಡುವ ನಾಲ್ಕು ಮಾತನ್ನು ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ. ನಗುವನ್ನೂ ಅಭ್ಯಾಸ ಮಾಡಿದ, ಏಕೆಂದರೆ ಅದು ಅವನಿಗೆ ಹೊಸದು.

ಶನಿವಾರ ಬಿಸಿಲು ಚೆನ್ನಾಗಿತ್ತು. ಕಾರು ಗೇಟಿನ ತಕ್ಕಡಿ ಹತ್ತಿತು. ಮೂರು ಸಾವಿರದ ಎಂಟು ಪೌಂಡು. ಮಿಸ್ ಓಪಲ್ ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಕೊನೇ ರೇಸಂತೆ, ಎಲ್ಬರ್ಟ್. ವಿಲೀನಾ ಹೇಳಿದ್ಲು."

"ಹೌದು ಮಿಸ್ ಓಪಲ್."

"ನಿನ್ನ ಕಾರಲ್ಲಿ ಒಂದು ದಿನಾನೂ ತಪ್ಪು ಕಂಡಿಲ್ಲ ನಾನು. ಹೋಗು, ಜೋಪಾನ."

ಒಂದು ಕ್ಷಣ ಎಲ್ಬರ್ಟನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಹುರಿದ ಬೊಲೋನಾ ಮಾಂಸದ ಹೋಳು ತುಂಬಿದ ಬ್ರೆಡ್ಡನ್ನು ಜಗಿಯುತ್ತ ರ್‍ಯಾಂಡಲ್ ಬಂದು ಬೆನ್ನು ತಟ್ಟಿ, "ಭಾವ, ನಾಳೆಗೆ ಚಾಕು ಮಸೆದಿಟ್ಟಿರು," ಎಂದ. ನಾಚಿಕೆ ಬಂದಷ್ಟೇ ಬೇಗ ಹೋಯಿತು.

ಎರಡನೇ ಬಿಸಿ ಸುತ್ತಿನಲ್ಲಿ, ಮೂರನೇ ತಿರುವಿನ ತೀರಾ ಕೆಳಗೆ ಹೊರಳಿ, ತಂತಿ ಎಳೆದ. ಇಪ್ಪತ್ತು ಎಂಜಿನ್ನುಗಳ ಗದ್ದಲದಲ್ಲಿ ಕಾಳು ಸುರಿದ ಸದ್ದು ಅವನಿಗೇ ಕೇಳಿಸಲಿಲ್ಲ. ಒಂದೇ ಸಲಕ್ಕೆ ಮುಗಿಯಲಿಲ್ಲವೆಂದು ಮೂರನೇ ಸುತ್ತಿನಲ್ಲೂ ಅಲ್ಲೇ ಇಳಿದು ಉಳಿದದ್ದನ್ನು ಸುರಿದ. ಹಸಿರು ಬಾವುಟ ಬಿತ್ತು.

ಕಾರು ಬೇರೆಯೇ ಆಗಿತ್ತು. ಮೂವತ್ತೊಂದು ವರ್ಷ ಜಗಳವಾಡಿದ ತಿರುವುಗಳು ಅಂದು ದಾರಿ ಬಿಟ್ಟವು. ಇಪ್ಪತ್ತನೇ ಸುತ್ತಿಗೆ ನಾಲ್ಕನೆಯವನಾದ, ಮೂವತ್ತೈದಕ್ಕೆ ಎರಡನೆಯವನಾದ. ಮುಂದೆ ರ್‍ಯಾಂಡಲನ ಕೆಂಪು ಕಾರಿನ ಬಾಲ ಕಾಣುತ್ತಿತ್ತು, ಎಷ್ಟೋ ವರ್ಷದಿಂದ ಕಂಡ ಅದೇ ಬಾಲ. ನಲವತ್ಮೂರನೇ ಸುತ್ತಿನಲ್ಲಿ ಆ ಕಾರು ತಿರುವಿನಲ್ಲಿ ಒಂದು ಗೇಣು ಮೇಲಕ್ಕೆ ಜಾರಿತು. ಎಲ್ಬರ್ಟ್ ಆ ಸಂದಿಯಲ್ಲಿ ಮೂಗು ತೂರಿಸಿದ, ಪಕ್ಕಕ್ಕೆ ಪಕ್ಕ ಉಜ್ಜಿ ಬಣ್ಣ ಹಾರಿತು, ಮುಂದೆ ಬರೀ ಡಾಂಬರು ಕಂಡಿತು. ಉಳಿದ ಏಳು ಸುತ್ತು ಅವನು ಸೀಸವನ್ನೂ ತಂತಿಯನ್ನೂ ಪೂರ್ತಿ ಮರೆತುಬಿಟ್ಟ. ತಾನು ನಿಜವಾಗಿಯೂ ಗೆಲ್ಲುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸುತ್ತಿತ್ತು, ಹೆಲ್ಮೆಟ್ಟಿನೊಳಗೆ ಅಳುತ್ತಿದ್ದ.

ಚೌಕಳಿ ಬಾವುಟ ಬಿದ್ದ ಮೇಲೆ ಅಭ್ಯಾಸಬಲದಿಂದ, ಸೋತ ಕಾರುಗಳು ಹೋಗಿ ನಿಲ್ಲುವ ಪಿಟ್ಟಿನ ಕಡೆಗೆ ತಿರುಗುತ್ತಿದ್ದವನನ್ನು ರ್‍ಯಾಂಡಲ್ ಓಡಿಬಂದು ತಡೆದ. ಕಿಟಕಿಯೊಳಗೆ ತಲೆ ತೂರಿಸಿ ಬಾವುಟವನ್ನು ಕೈಗಿಟ್ಟ. ಅವನ ಕಣ್ಣೂ ಒದ್ದೆಯಾಗಿತ್ತು.

"ಎಲ್ಲಿಗೆ ಹೊರಟೆ ಭಾವ? ಗೆದ್ದವನು ಒಂದು ಸುತ್ತು ಹೋಗಬೇಕು. ನನ್ನನ್ನ ಸೋಲಿಸಿದೀಯ, ಈಗ ಜನರ ಕೈ ಕುಲುಕು."

"ಹೇಗೆ ಹೋಗೋದು ಅಂತ ಗೊತ್ತಿಲ್ಲ ಕಣೋ."

"ಮೆಲ್ಲಗೆ, ನಡೆಯೋ ಹಾಗೆ. ಪೂರ್ತಿ ಕೆಳಗೆ, ಹುಲ್ಲಿಗೆ ಒತ್ಕೊಂಡು. ಮಕ್ಕಳು ಒಳಗಡೆಯಿಂದ ಕೈ ಚಾಚ್ತವೆ, ಒಂದನ್ನೂ ಬಿಡಬೇಡ."

ಎಲ್ಬರ್ಟ್ ಒಂದನ್ನೂ ಬಿಡಲಿಲ್ಲ. ಹಗ್ಗ ಬಿಚ್ಚಿದ್ದರಿಂದ ಮೂರನೇ ತಿರುವಿಗೂ ಜನ ಓಡಿಬಂದಿದ್ದರು. ಅಲ್ಲಿ ಕಾರು ನಿಲ್ಲಿಸಿಯೇ ಒಬ್ಬಳು ಅಜ್ಜಿಯ ಕೈ ಕುಲುಕಿದ, ಮತ್ತೆ ಹುಲ್ಲಿನಂಚಿನಲ್ಲೇ ತೆವಳುತ್ತ ಬಂದ. ಗೆಲುವಿನ ಕಟ್ಟೆಯ ಮುಂದೆ ಕಾರು ನಿಂತಾಗ ವಿಲೀನಾ ಎಲ್ಲರೆದುರು ಅವನಿಗೆ ಮುತ್ತು ಕೊಟ್ಟಳು. ಹಂದಿಯ ತೊಡೆ ಅವನ ತೋಳಿಗೆ ಬಂತು. ಬಾಯಿಪಾಠ ಮಾಡಿದ ನಾಲ್ಕು ಮಾತಿನಲ್ಲಿ ಒಂದೂ ನೆನಪಾಗಲಿಲ್ಲ.

ಮಿಸ್ ಓಪಲ್ ಎಂಜಿನ್ ನೋಡಿ ತಲೆಯಾಡಿಸಿದರು. "ಟಯರನ್ನೂ ನೋಡಿಬಿಡಿ ಮಿಸ್ ಓಪಲ್, ಚೆನ್ನಾಗಿ ನೋಡಿ," ಎಂದು ಎಲ್ಬರ್ಟನೇ ಕರೆದ, ಎಲ್ಲರಿಗೂ ಕೇಳಿಸುವ ಹಾಗೆ. ಔಷಧಿಯ ಒಂದು ತೊಟ್ಟೂ ಮುಟ್ಟದ ಟಯರುಗಳ ಬಗ್ಗೆ ಅವನಿಗೆ ನಿಜವಾದ ಹೆಮ್ಮೆಯಿತ್ತು. ಅವರು ಎಡಗಡೆ ಮುಂದಿನ ಚಕ್ರದ ಬಳಿ ಮಂಡಿಯೂರಿ ಮಾಪಕ ಚುಚ್ಚಿದರು, ಮುಳ್ಳು ಟಕ್ ಎಂದು ಯಾವುದಕ್ಕೋ ತಾಗಿತು. ತುರುಬಿನ ಪಿನ್ನು ತೆಗೆದು ಮೀಟಿದಾಗ ಅಂಗೈಗೆ ಬಿದ್ದದ್ದು ಒಂದು ಬೂದು ಕಾಳು. ಐವತ್ತು ಸುತ್ತು ಓಡಿ ಕಾದ ಟಯರು ಬೆಲ್ಲದ ಪಾಕದಂತೆ ಅಂಟಂಟಾಗಿರುತ್ತದೆ, ಮೆಲ್ಲಗೆ ಹೋದರೆ ದಾರಿಯಲ್ಲಿದ್ದದ್ದನ್ನೆಲ್ಲ ಮೆತ್ತಿಕೊಳ್ಳುತ್ತದೆ. ಅದು ಎಲ್ಬರ್ಟನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೆರೆ ದಾಟುವತನಕ ಎಲ್ಲವನ್ನೂ ಯೋಚಿಸಿದ್ದವನು, ಒಮ್ಮೆಯೂ ಗೆಲ್ಲದವನಾದ್ದರಿಂದ, ಗೆದ್ದವನು ಮನೆಗೆ ಬರುವ ಮುಂಚೆ ಯಾವ ದಾರಿಯಲ್ಲಿ ಹೋಗುತ್ತಾನೆಂದು ಯೋಚಿಸಿರಲಿಲ್ಲ. ಎಡಗಡೆಯ ಎರಡೂ ಟಯರುಗಳು ಎಳ್ಳು ಮೆತ್ತಿದ ಹಾಗೆ ಸೀಸ ಮೆತ್ತಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಮಿಸ್ ಓಪಲ್ ಅಂಗೈಯ ಕಾಳನ್ನು ನೋಡಿದರು, ಮೂರನೇ ತಿರುವನ್ನು ನೋಡಿದರು, ಆಮೇಲೆ ಬಹಳ ಹೊತ್ತು ಕಾರಿನ ಅಡಿ ನೋಡಿದರು. "ತೊಡೆ ಭಾರ ಆಗಿರ್ಬೇಕು, ವಿಲೀನಾ ಕೈಗೆ ಕೊಡು," ಎಂದರು ಮೆತ್ತಗೆ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲಿ. "ನೀನು ಕಾರು ಹತ್ತು, ಎಲ್ಬರ್ಟ್. ಗೇಟ್ ಖಾಲಿಯಾಗಲಿ, ಇನ್ನೊಂದ್ಸಲ ತೂಗೋಣ. ನಂಗೇನೂ ಅವಸರ ಇಲ್ಲ."