ಕರಗಿದ ಕಣಗಳ ಚೀಲ

ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಟೆಕ್ನಿಷಿಯನ್ ನಿಂತಲ್ಲೇ ಕಲ್ಲಾದಳು. ದ್ರವ ಸಾರಜನಕ ತುಂಬಿದ ಶೈತ್ಯದ ತೊಟ್ಟಿಯ ಮುಚ್ಚಳ ತೆರೆದಿತ್ತು. ಮೇಜಿನ ಮೇಲಿದ್ದ ಅವಳ ದಾಖಲೆ ಪುಸ್ತಕದ ಮೇಲೆ ಡ್ರೈವರಣ್ಣನ ಕಣಗಳ ಚೀಲ ಕರಗಿ ಬಿದ್ದಿತ್ತು.

ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಲಿಂಫೋಮಾ ಎಂಬ ಕ್ಯಾನ್ಸರ್ ಯಾವ ಔಷಧಿಗೂ ಜಗ್ಗಿರಲಿಲ್ಲ. ಕೊನೆಗೆ ಅವನದೇ ರಕ್ತದ ರೋಗನಿರೋಧಕ ಕಣಗಳನ್ನು ತೆಗೆದು, ದೂರದ ಕಾರ್ಖಾನೆಯಲ್ಲಿ ಕ್ಯಾನ್ಸರನ್ನು ಗುರುತಿಸಿ ಕೊಲ್ಲುವಂತೆ ಪಳಗಿಸಿ, ಹೆಪ್ಪುಗಟ್ಟಿಸಿ ಕಳಿಸಿದ್ದರು. ಅವನ್ನು ಅಂದೇ ಅವನ ಮೈಗೆ ಏರಿಸಬೇಕಿತ್ತು. ಕರಗಿದ ಕಣಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ.

ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಟೆಕ್ನಿಷಿಯನ್, ವಾರ್ಡಿನ ಡಾಕ್ಟರು. ನಿನ್ನೆ ಸಂಜೆ ಕೊನೆಗೆ ಹೋದವಳು ಅವಳೇ ಎಂದು ಡಾಕ್ಟರು ಹೇಳಿದ್ದೇ ತಡ, ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ವಾರ್ಡಿನ ನರ್ಸಮ್ಮನಿಗೂ ಅನುಮಾನ ಬಾರದಿರಲಿಲ್ಲ. ಆದರೂ ಅವಳು ದುರ್ಬೀನಮ್ಮನನ್ನು ಕರೆತಂದಳು. ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತ ಆ ಹಿರಿಯ ಡಾಕ್ಟರಮ್ಮನಿಗೆ ಆಸ್ಪತ್ರೆಯೇ ಇಟ್ಟ ಹೆಸರು ಅದು. ಹಿಂದೆಯೂ ಎಷ್ಟೋ ಗಂಟುಗಳನ್ನು ಬಿಡಿಸಿದ್ದಳು.

ದುರ್ಬೀನಮ್ಮ ಚೀಲ ಎತ್ತಿ ಕೆಳಗಿನ ಹಾಳೆಯನ್ನು ಬೆರಳಿನಿಂದ ಸವರಿದಳು. ಅಳತೆಗೋಲನ್ನು ತೊಟ್ಟಿಗೆ ಇಳಿಸಿ ನೋಡಿದಳು. ಪುಸ್ತಕ ತಿರುವಿದಳು. ಹನ್ನೆರಡು ದಿನದ ಹಿಂದೆ, ಟೆಕ್ನಿಷಿಯನ್ ರಜೆಯಲ್ಲಿದ್ದಾಗ, ಚೀಲವನ್ನು ತೊಟ್ಟಿಗಿಳಿಸಿದ್ದಾಗಿ ಡಾಕ್ಟರೇ ಬರೆದಿದ್ದರು. ಮರುದಿನ ಅವರು ಸಮ್ಮೇಳನಕ್ಕೆ ಹೋಗಿ, ಮೊನ್ನೆಯಷ್ಟೇ ಬಂದಿದ್ದರು.

ಅವರಿಲ್ಲದಾಗ ಅವರ ಕೋಣೆಗೆ ಹೋಗಿದ್ದೆಯಾ ಎಂದು ದುರ್ಬೀನಮ್ಮ ನರ್ಸಮ್ಮನನ್ನು ಕೇಳಿದಳು. ಹೋಗಿದ್ದಳು, ಮೇಜಿನಡಿ ಕಾರ್ಖಾನೆಯ ಶೀತಲ ಡಬ್ಬವನ್ನೂ ಕಂಡಿದ್ದಳು. ಖಾಲಿ ಡಬ್ಬವೆಂದುಕೊಂಡಿದ್ದಳು.

ಮಧ್ಯಾಹ್ನ ಎಲ್ಲರೂ ಸೇರಿದರು. ಡ್ರೈವರಣ್ಣ ಹಟ ಮಾಡಿ, ಮಾಸ್ಕ್ ಕಟ್ಟಿಕೊಂಡು, ಹೆಂಡತಿಯ ತೋಳು ಹಿಡಿದು ಬಂದ.

"ಹೆಪ್ಪುಗಟ್ಟಿದ ಚೀಲ ಇಲ್ಲೇ ಕರಗಿದ್ರೆ ಬೆವರಿ ನೀರಿಳೀಬೇಕು, ಹಾಳೇಲಿ ಶಾಯಿ ಹರಡಬೇಕು," ಎಂದಳು ದುರ್ಬೀನಮ್ಮ. "ಹಾಳೆ ಗರಿಗರಿಯಾಗಿದೆ. ಅಂದ್ರೆ ಕರಗಿದ ಮೇಲೇ ಇದು ಮೇಜಿಗೆ ಬಂದಿದೆ. ತೊಟ್ಟಿ ನಿನ್ನೆಯಿಂದ ತೆರೆದಿದ್ರೆ ದ್ರವ ಆರಿ ಇಳೀಬೇಕಿತ್ತು. ನಿನ್ನೆ ಸಂಜೆ ಬರೆದಿಟ್ಟ ಮಟ್ಟದಿಂದ ಒಂದು ಗೆರೆಯೂ ಇಳಿದಿಲ್ಲ. ಮುಚ್ಚಳ ತೆಗೆದದ್ದು ಇವತ್ತು ಬೆಳಿಗ್ಗೆ, ಇವಳು ಬರೋಕೆ ಸ್ವಲ್ಪ ಮುಂಚೆ. ಚೀಲ ತೊಟ್ಟಿಗೆ ಇಳಿದೇ ಇರಲಿಲ್ಲ. ಡಬ್ಬದ ತಂಪು ಒಂದು ವಾರ ತಡೆಯುತ್ತೆ. ಇದು ಹನ್ನೆರಡು ದಿನ ಮೇಜಿನಡಿ ಕೂತಿತ್ತು. ಅಲ್ವಾ ಡಾಕ್ಟ್ರೇ?"

ಡಾಕ್ಟರು ತಲೆ ತಗ್ಗಿಸಿದರು. ಹೊರಡುವ ಗಡಿಬಿಡಿಯಲ್ಲಿ, ಆಮೇಲೆ ಇಳಿಸಿದರಾಯಿತೆಂದು ಮೊದಲೇ ಬರೆದು ಮರೆತಿದ್ದರು. ಮೊನ್ನೆ ಡಬ್ಬ ತೆರೆದಾಗ ಚೀಲ ಕರಗಿಹೋಗಿತ್ತು. ಇವತ್ತು ಬೆಳಿಗ್ಗೆ ಯಾರೂ ಬರುವ ಮುಂಚೆ ಅದನ್ನು ಲ್ಯಾಬಿನ ಮೇಜಿಗೆ ತಂದಿಟ್ಟು, ತೊಟ್ಟಿಯ ಮುಚ್ಚಳ ತೆಗೆದಿದ್ದರು.

ಡ್ರೈವರಣ್ಣ ನಿಧಾನವಾಗಿ ಹೇಳಿದ: "ಮರೆತದ್ದಕ್ಕೆ ನಾನು ಬೈಯಲ್ಲ. ಗೊತ್ತಾದ ಮೇಲೂ ಎರಡು ದಿನ, ಆ ಕಣಗಳಿಗೆ ಜಾಗ ಮಾಡೋ ಔಷಧಿ ಅಂತ ನನಗೆ ಏರಿಸಿದ್ರಲ್ಲ. ವಾಂತಿ ಮಾಡ್ಕೊಳ್ತಿದ್ದಾಗ ಪಕ್ಕದಲ್ಲೇ ನಿಂತಿದ್ರಿ."

ನರ್ಸಮ್ಮ ಟೆಕ್ನಿಷಿಯನ್ ಮುಖ ನೋಡಲಾರದೆ ನೆಲ ನೋಡಿದಳು.

ಡಾಕ್ಟರನ್ನು ಕೆಲಸದಿಂದ ದೂರವಿಟ್ಟರು. ಕಾರ್ಖಾನೆಯಲ್ಲಿ ಡ್ರೈವರಣ್ಣನ ಮೊದಲ ಕಣಗಳಲ್ಲಿ ಒಂದಷ್ಟು ಉಳಿದಿದ್ದವು. ಅವುಗಳಿಂದ ಮಾಡಿದ ಹೊಸ ಚೀಲ ಆರು ವಾರಕ್ಕೆ ಬಂತು. ಏರಿಸಿದ ಮೇಲೆ ಒಂದು ವಾರ ಜ್ವರ ಅವನನ್ನು ಹಣ್ಣುಮಾಡಿತು. ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ.

ಸುದ್ದಿ ಕೇಳಿ ಅವನ ಹೆಂಡತಿ ನಗಲಿಲ್ಲ. "ಏನೂ ಮುಚ್ಚಿಡ್ತಿಲ್ಲ ತಾನೆ?" ಎಂದಳು.

ನರ್ಸಮ್ಮ ಆಣೆ ಮಾಡಲಿಲ್ಲ. ಸ್ಕ್ಯಾನಿನ ಚಿತ್ರವನ್ನೇ ಅವಳ ಕೈಗೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಲು ಹೇಳಿದಳು.