ಮೂತಿಗೆ ಅಂಟಿಕೊಂಡ ದೋಣಿ

ಬೆಳಗಿನ ಮಂಜು ಕರಗಿದಾಗ ಸರಕು ಹಡಗು ತೊಂಗ್ಯೊಂಗ್ ಕೊಲ್ಲಿಯ ಸಿಂಪಿ ಸಾಕುವ ತೆಪ್ಪಗಳ ಮೇಲೇರಿ ನಿಂತಿತ್ತು. ಇಪ್ಪತ್ತು ತೆಪ್ಪ ನುಚ್ಚುನೂರು!

"ದೋಣಿಯೊಂದು ಅಡ್ಡ ಬಂತು, ತಪ್ಪಿಸಲು ಬಲಕ್ಕೆ ಹೊರಳಿದೆ" ಎಂದ ಕ್ಯಾಪ್ಟನ್ ಗಿ ತೇಹೊಂಗ್. ಆ ಹೊತ್ತಿಗೆ ಬಲೆ ಬಿಡಲು ಹೋಗಿದ್ದವಳು ಒಬ್ಬಳೇ — ಎಪ್ಪತ್ತು ದಾಟಿದ ಓಕ್ ಬುನ್ನೆ. ಆರೋಪ ನಿಜವಾದರೆ ಅವಳ ಮೀನುಗಾರಿಕೆ ಪರವಾನಗಿ ಹೋಗುತ್ತಿತ್ತು.

"ಅಡ್ಡ ಬಂದು ಓಡಿಹೋದ್ಯಾ, ಅಜ್ಜಿ?" ತನಿಖಾಧಿಕಾರಿ ಸೊನು ಜಿನ್‌ಗ್ಯೊಂಗ್ ಕೇಳಿದಳು.

"ಈ ದೋಣಿ ಓಡ್ತದಾ? ಇದಕ್ಕಿಂತ ನಾನೇ ಜೋರಾಗಿ ನಡೀತೀನಿ! ದ್ವೀಪದ ಆಚೆ ಇದ್ದೆ." ಅಜ್ಜಿಯ ದನಿ ಇಳಿಯಿತು. "ಪರವಾನಗಿ ಕಿತ್ಕೊಂಡ್ರೆ ದಡದಲ್ಲಿ ಕೂತು ನಾನೇನು ಮಾಡ್ಲಿ, ಮಗಳೇ?"

ಸೊನುವಿನ ಸಹಾಯಕನಾದ ನನಗೆ ಪಾಪ ಅನಿಸಿತು. ಆದರೂ ನಂಬಿದ್ದು ಕ್ಯಾಪ್ಟನ್ನನ್ನೇ. ರೇಡಾರಿನ ದಾಖಲೆ ಇತ್ತಲ್ಲ!

ಬಂದರಿಗೆ ಎಳೆತಂದಿದ್ದ ಹಡಗಿನಲ್ಲಿ ಅದನ್ನು ನೋಡಿದೆವು. ಪರದೆಯ ಮೇಲೆ, ಹಡಗಿನ ಮುಂತುದಿಯ, ಅಂದರೆ ಮೂತಿಯ ನೇರಕ್ಕೆ ಒಂದು ಚುಕ್ಕೆ. ಹಡಗು ಬಲಕ್ಕೆ ಹೊರಳಿತು — ಚುಕ್ಕೆ ಆಗಲೂ ಮೂತಿಯ ನೇರಕ್ಕೇ.

"ನಾನು ತಿರುಗಿದ ಕಡೆಗೇ ಮುದುಕೀನೂ ತಿರುಗಿದ್ಲು, ನೋಡಿ!" ಎಂದ ಕ್ಯಾಪ್ಟನ್.

"ಎಡಕ್ಕೆ ಉದ್ದಕ್ಕೂ ಗೆರೆಯಾಗಿ ಕಾಣೋದು ಏನು?" ಸೊನು ಕೇಳಿದಳು.

"ಕೊಲ್ಲಿಯ ಸೇತುವೆ."

"ಮುಂದಿನ ಡೆಕ್ ಮೇಲೆ ಏನಾದ್ರೂ ಇತ್ತಾ?"

"ಏನಿಲ್ಲ. ನೀವೇ ನೋಡ್ಕೊಳ್ಳಿ."

ನೋಡಿದೆವು. ಡೆಕ್ ಖಾಲಿ ಇತ್ತು.

ಮಧ್ಯಾಹ್ನ ಹಡಗಿನ ಅಡುಗೆಯವ ಪ್ಯೊ ತಟ್ಟೆ ತುಂಬ ಕಿಮ್ಚಿ, ಖಾರದ ಎಲೆಕೋಸಿನ ಉಪ್ಪಿನಕಾಯಿ, ತಂದಿಟ್ಟ. "ಹೊಸದು ಮೇಡಂ. ಚಳಿಗಾಲಕ್ಕೆ ಅಂತ ಅಪಘಾತದ ಹಿಂದಿನ ದಿನ ಹಾಕಿದ್ದು. ನೂರಿಪ್ಪತ್ತು ಎಲೆಕೋಸು!"

"ಈ ಗೇಣಗಲದ ಅಡುಗೆಮನೇಲಾ?"

"ಎಲ್ಲಾದ್ರೂ ಉಂಟಾ? ಮುಂದಿನ ಡೆಕ್ ಮೇಲೆ! ಗಾಳಿಗೆ ಮೆಣಸಿನಪುಡಿ ಕಣ್ಣಿಗೆ ಹಾರ್ತಿತ್ತು. ಖಾಲಿ ಕಂಟೇನರ್ ಒಂದನ್ನ ಓರೆಯಾಗಿ ಇಟ್ಟು ಮರೆ ಮಾಡ್ಕೊಂಡ್ವಿ."

"ಈಗೆಲ್ಲಿ ಅದು?"

"ಬಂದರಿಗೆ ಬಂದ ಕೂಡ್ಲೇ ಕ್ಯಾಪ್ಟನ್ನರು ಇಳಿಸಿಬಿಟ್ರು..." ಪ್ಯೊ ನಾಲಿಗೆ ಕಚ್ಚಿಕೊಂಡ.

ಕ್ಯಾಪ್ಟನ್ನನ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು.

"ನಿಜವಾದ ದೋಣಿಯಾಗಿದ್ರೆ, ನೀವು ಬಲಕ್ಕೆ ಹೊರಳಿದಾಗ ಅದು ಎಡಕ್ಕೆ ಸರೀಬೇಕಿತ್ತು" ಎಂದಳು ಸೊನು. "ನಿಮ್ಮ ಜೊತೆಗೇ ತಿರುಗೋಕೆ ಅಜ್ಜಿಯ ದೋಣಿಗೆ ಅಷ್ಟು ವೇಗ ಎಲ್ಲಿದೆ? ಇದು ಮೂತಿಗೇ ಅಂಟ್ಕೊಂಡಿತ್ತು. ಯಾಕೆ? ರೇಡಾರಿನ ಅಲೆ ಆ ಕಂಟೇನರಿನ ಕಬ್ಬಿಣದ ಗೋಡೆಗೆ ಬಡಿದು, ಎಡಗಡೆ ಸೇತುವೆಗೆ ಹೋಗಿ, ಅದೇ ದಾರೀಲಿ ವಾಪಸ್ ಬಂತು. ಕನ್ನಡೀಲಿ ಬೆನ್ನ ಹಿಂದಿನ ಬಾಗಿಲು ಎದುರಿಗೆ ಕಾಣಲ್ವಾ, ಹಾಗೆ! ಅಳೆದು ನೋಡಿದೀನಿ. ಚುಕ್ಕೆಯ ದೂರವೂ ಸೇತುವೆಯ ದೂರವೂ ಒಂದೇ."

"ಮಂಜಲ್ಲಿ ಹೆದರಿಬಿಟ್ಟೆ..." ಕ್ಯಾಪ್ಟನ್ ತಲೆ ತಗ್ಗಿಸಿದ. "ಆಮೇಲೆ ಗೊತ್ತಾಯ್ತು."

"ಹೆದರಿದ್ದನ್ನ ಕ್ಷಮಿಸಬಹುದು. ಗೊತ್ತಾದ ಮೇಲೆ ಡಬ್ಬಿ ಬಚ್ಚಿಟ್ಟು ಅಜ್ಜಿಯ ಹೆಸರು ಹೇಳಿದ್ರಲ್ಲ — ಅಪರಾಧಿ ನೀವೇ, ಕ್ಯಾಪ್ಟನ್ ಗಿ."

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಪರವಾನಗಿ ಉಳಿಯಿತೆಂದು ಅಜ್ಜಿಗೆ ಸುದ್ದಿ ಮುಟ್ಟಿಸಲು ನಾನೇ ಓಡಿದೆ.

"ಹಾಗಾದ್ರೆ ಅಲ್ಲಿದ್ದದ್ದು ಯಾರ ದೋಣಿ?"

"ಯಾರದ್ದೂ ಅಲ್ಲ ಅಜ್ಜಿ. ಕಿಮ್ಚಿಗೆ ಮರೆ ಮಾಡಿದ ಡಬ್ಬಿ!"

"ಥೂ! ಕಿಮ್ಚಿಯಾದ್ರೂ ಚೆನ್ನಾಗಿತ್ತಾ?"

"ಉಪ್ಪು ಜಾಸ್ತಿ."

ನಾನು ಮುಂದೆ ವಿವರಿಸುವಷ್ಟರಲ್ಲಿ ಅಜ್ಜಿ ದೋಣಿಯ ಹಗ್ಗ ಬಿಚ್ಚಿಯಾಗಿತ್ತು.