ಮುಚ್ಚಿಟ್ಟ ಲೋಟ

ಪ್ರೊಫೆಸರ್ ಗೆರಿಯೋನ್ ಎಸ್ಸರ್ ಸತ್ತು ಹನ್ನೆರಡು ನಿಮಿಷವಾದರೂ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟೂ ಹೊತ್ತು ವೀಬ್ಕೆ ಟಾಮ್ಸನ್ ಅವರೆದುರು ನಿಂತು ಭಾಷಣ ಮಾಡುತ್ತಿದ್ದಳು. ಅಂದು ಬೆಳಿಗ್ಗೆಯಷ್ಟೇ ಅವಳಿಗೆ ಡಾಕ್ಟರೇಟ್ ಸಿಕ್ಕಿತ್ತು. ಪ್ರಯೋಗಾಲಯದ ಗೆಳೆಯರು ರಟ್ಟಿನಲ್ಲಿ ಮಾಡಿದ್ದ ದೊಡ್ಡ ಟೋಪಿ ತಲೆಯ ಮೇಲಿತ್ತು. ಪ್ರೊಫೆಸರ್ ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಊರಿ ಕೂತಿದ್ದರು. ಅದರಲ್ಲಿ ಹೊಸದೇನೂ ಇರಲಿಲ್ಲ. ಶಿಷ್ಯರು ಮಾತಾಡುವಾಗ ಅವರು ಹಾಗೆಯೇ ಕೂರುತ್ತಿದ್ದರು. ನಿನ್ನ ಮಾತಿಗೆ ಇಷ್ಟೇ ಬೆಲೆ ಎಂದು ತೋರಿಸುವ ರೀತಿ ಅದು.

ವೀಬ್ಕೆ ಧ್ವನಿ ನಡುಗದಂತೆ ನೋಡಿಕೊಂಡು ಕೊನೆಯವರೆಗೂ ಓದಿದಳು. "ನನ್ನ ಗುರುಗಳಿಗೆ" ಎಂದು ಲೋಟ ಎತ್ತಿದಳು. ಎಲ್ಲರೂ ಎದ್ದರು. ಅವರು ಏಳಲಿಲ್ಲ.

"ಎಬ್ಬಿಸ್ಬೇಡ ಕಣೆ. ಮಲಗಿದಾಗಲೇ ಒಳ್ಳೆಯವರು" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು.

ವೀಬ್ಕೆ ಅವರ ಭುಜ ಮುಟ್ಟಿದಳು. ಪ್ರೊಫೆಸರ್ ಮೆಲ್ಲಗೆ ಪಕ್ಕಕ್ಕೆ ವಾಲಿ, ಹೆಂಡತಿಯ ಮಡಿಲಿಗೆ ಬಿದ್ದರು. ನಗು ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

*

ಇನ್ಸ್‌ಪೆಕ್ಟರ್ ಅಲ್ಮೂತ್ ಕ್ರಾಟ್ಸ್ ಬಿಯರ್ ತಯಾರಿಸಿ ಅಲ್ಲೇ ಮಾರುವ 'ತಾಮ್ರಹಂಡೆ' ಬ್ರೂಪಬ್‌ಗೆ ಬಂದಾಗ ಮಧ್ಯಾಹ್ನ ಎರಡೂವರೆ. ಜರ್ಮನಿಯ ಬಾನ್ ನಗರದಲ್ಲೇ ಹುಟ್ಟಿ ಬೆಳೆದವಳು. ಏನನ್ನೂ ಎರಡು ಸಲ ನೋಡದೆ ನಂಬುತ್ತಿರಲಿಲ್ಲ. ಎರಡು ಸಲ ನೋಡಿದ ಮೇಲೂ ತಪ್ಪಾಯಿತೇನೋ ಎಂದು ನಿದ್ದೆ ಕೆಡಿಸಿಕೊಳ್ಳುತ್ತಿದ್ದಳು. ಮೇಜಿನ ಮೇಲಿದ್ದ ಲೋಟ, ತಟ್ಟೆ, ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆ, ಎಲ್ಲವನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿಸಿದಳು.

"ಬಿಲ್ಲೆಗಳೂನಾ ಮೇಡಂ?" ಎಂದ ಸಹಾಯಕ ಯಾನ್ಸೆನ್. ಉತ್ತರದ ಹ್ಯಾಂಬರ್ಗ್‌ನಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು.

"ಎಲ್ಲ."

ಪ್ರೊಫೆಸರ್ ಹೆಂಡತಿ ಹೈಡ್ರೂನ್ ಗೋಡೆಗೆ ಒರಗಿ ಕೂತಿದ್ದರು. ಅರವತ್ತರ ಸಣ್ಣ ಹೆಂಗಸು. ಎದುರಿಗೆ ನೀರಿನ ಲೋಟ.

"ನಾನು ಏನನ್ನೂ ಮುಟ್ಟಿಲ್ಲ. ಈ ನೀರು ಬಿಟ್ಟು" ಎಂದರು. "ಅವರಿಗೆ ಕಣ್ಣಿನ ಆಪರೇಷನ್ ಆಗಿದೆ. ಕಾರು ಓಡಿಸೋ ಹಾಗಿಲ್ಲ. ಅದಕ್ಕೆ ನನ್ನನ್ನ ಕರ್ಕೊಂಡು ಬಂದ್ರು."

"ಜಗಳ ಆಯ್ತಂತೆ?"

"ಆ ಸಪ್ಲೈಯರ್ ಜೊತೆ. ಜಗಳ ಆದ್ಮೇಲೆ ಅವನು ಹೊಸ ಲೋಟ ತಂದಿಟ್ಟ. ಇಡೋವಾಗ ಕೈ ಲೋಟದ ಮೇಲೆ ಆಡ್ತು. ನಾನು ನೋಡ್ದೆ."

ಸಪ್ಲೈಯರ್ ಹೆಸರು ಡ್ರಿಕ್ಕೆಸ್ ಪ್ಯೂಟ್ಸ್. ಐವತ್ತೆಂಟು ವಯಸ್ಸು. ನೀಲಿ ಏಪ್ರನ್, ದಪ್ಪ ಹೊಟ್ಟೆ, ಊರಿಗೇ ಹೆಸರಾದ ನಾಲಿಗೆ. ಅವನಿಂದ ಬೈಸಿಕೊಳ್ಳಲೆಂದೇ ವಿದ್ಯಾರ್ಥಿಗಳು ಬರುತ್ತಿದ್ದರು.

"ಜಗಳ ಯಾಕೆ ಆಯ್ತು ಡ್ರಿಕ್ಕೆಸ್?"

"ಮೇಷ್ಟ್ರು ಫೋನ್ ಬಂತು ಅಂತ ಹೊರಗೆ ಹೋದ್ರು. ಅರ್ಧ ಲೋಟ ಹಾಗೇ ಇತ್ತು. ಮೇಲೆ ಬಿಲ್ಲೆ ಮುಚ್ಚಿತ್ತು. ನಾನು ಮೂರು ಸಲ ಹಾದುಹೋದೆ. ಮುಚ್ಚಿದೆ ಅಂದ್ಮೇಲೆ ನಾನ್ಯಾಕೆ ತುಂಬಲಿ? ಬಂದೋರು ಬಿಲ್ಲೆ ಎತ್ತಿ, ಇದ್ದಿದ್ದನ್ನ ಗಟಗಟ ಕುಡಿದು, ನನ್ನ ಮೇಲೆ ಎಗರಿದ್ರು. ಹೊಸದು ಯಾಕೆ ಇಟ್ಟಿಲ್ಲ, ಸೋಮಾರಿ, ಮುದಿಗೂಬೆ ಅಂತ."

"ನೀನು ಏನಂದೆ?"

"ಅಂಗಡಿ ಮುಚ್ಚಿದ್ದು ನೀವು, ಕೀಲಿ ನನ್ನ ಹತ್ರ ಕೇಳ್ತೀರಾ ಅಂದೆ."

"ಆಮೇಲೆ?"

"ಆಮೇಲೆ ಇನ್ನೊಂದು ತಂದು ಕುಕ್ಕಿದೆ. ಇದಕ್ಕಿಂತ ಮರ್ಯಾದೆ ಬೇಕಂದ್ರೆ ಚರ್ಚ್‌ಗೆ ಹೋಗಿ ಅಂದೆ."

ಅಷ್ಟರಲ್ಲಿ ಯಾನ್ಸೆನ್ ಅವನ ಏಪ್ರನ್ನಿನ ಜೇಬಿನಿಂದ ಸಣ್ಣ ಗಾಜಿನ ಶೀಷೆಯೊಂದನ್ನು ತೆಗೆದ. ಚೀಟಿ ಕೆರೆದು ಹಾಕಿತ್ತು. ಒಳಗೆ ಒಂದೆರಡು ಹನಿ ಉಳಿದಿತ್ತು.

ಡ್ರಿಕ್ಕೆಸ್ ಅದನ್ನು ನೋಡಿದ. "ಅದು ನಂದಲ್ಲ ಮೇಡಂ" ಎಂದ. ಧ್ವನಿ ಇಳಿದಿತ್ತು. "ಮೂವತ್ನಾಲ್ಕು ವರ್ಷದಿಂದ ಈ ಹಾಲ್‌ನಲ್ಲಿ ಓಡಾಡ್ತಿದೀನಿ. ಇದನ್ನ ಬಿಟ್ರೆ ನನಗೆ ಬೇರೇನೂ ಬರಲ್ಲ. ಇಲ್ಲಿಂದ ಕೈಗೆ ಬೇಡಿ ಹಾಕಿ ಕರ್ಕೊಂಡು ಹೋದ್ರೆ ಮತ್ತೆ ಯಾರು ನನ್ನ ಕೈಯಿಂದ ಲೋಟ ತಗೋತಾರೆ?"

ಐದರ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ರಕ್ತದಲ್ಲಿ ಹೃದಯದ ಔಷಧ, ಮಿತಿಗಿಂತ ಬಹಳ ಹೆಚ್ಚು. ಶೀಷೆಯಲ್ಲಿದ್ದದ್ದೂ ಅದೇ.

ಹೋದ ತಿಂಗಳು ಪ್ರೊಫೆಸರ್ ಇದೇ ಡ್ರಿಕ್ಕೆಸ್ ಮೇಲೆ ಮಾಲೀಕ ಕ್ಲೆಫಿಷ್‌ಗೆ ದೂರು ಕೊಟ್ಟಿದ್ದರು ಎಂಬುದೂ ತಿಳಿಯಿತು. ಅಲ್ಮೂತ್ ಬಂಧನದ ಕಾಗದಕ್ಕೆ ಸಹಿ ಹಾಕಿದಳು. ಡ್ರಿಕ್ಕೆಸ್‌ನನ್ನು ಮುಂಬಾಗಿಲಿನಿಂದಲೇ ಕರೆದೊಯ್ದರು. ವಿದ್ಯಾರ್ಥಿಗಳು ಬೆಂಚಿನ ಮೇಲೆ ಹತ್ತಿ ಫೋನಿನಲ್ಲಿ ವಿಡಿಯೋ ತೆಗೆದರು. "ಡ್ರಿಕ್ಕೆಸ್, ಇವತ್ತಿನ ಸ್ಪೆಷಲ್ ಏನಪ್ಪಾ?" ಎಂದು ಒಬ್ಬ ಕೂಗಿದ. ಡ್ರಿಕ್ಕೆಸ್ ತಲೆ ಎತ್ತಲಿಲ್ಲ.

*

ಮರುದಿನ, ಶನಿವಾರ ಬೆಳಿಗ್ಗೆ ಠಾಣೆಯಲ್ಲಿ ಅಲ್ಮೂತ್ ಹೇಳಿಕೆಗಳನ್ನು ಮೂರನೇ ಸಲ ಓದುತ್ತಿದ್ದಳು.

"ಮುಗಿದ ಕೇಸು ಮೇಡಂ" ಎಂದ ಯಾನ್ಸೆನ್.

"ಕೊನೆಯ ಲೋಟದಲ್ಲಿ ಔಷಧ ಇಲ್ಲ ಅಂತ ವರದಿ ಬಂದಿದೆ. ಜಗಳದ ನಂತರ ಅವನು ತಂದಿಟ್ಟ ಲೋಟ ಅದು. ಹಾಗಾದ್ರೆ ಔಷಧ ಇದ್ದಿದ್ದು ಅದರ ಹಿಂದಿನ ಲೋಟದಲ್ಲಿ. ಬಿಲ್ಲೆ ಮುಚ್ಚಿದ್ದರಲ್ಲಿ."

"ಆ ಲೋಟನೂ ಅವನೇ ತಂದಿದ್ದು. ಅವನೇ ತೊಳೆದ."

"ಪ್ರೊಫೆಸರ್ ಅದರಲ್ಲಿ ಅರ್ಧ ಕುಡಿದು ಫೋನ್ ಬಂತು ಅಂತ ಹೋದ್ರು. ಹೊರಗೆ ಕಾಲು ಗಂಟೆ ಆರೋಗ್ಯವಾಗಿ ಮಾತಾಡಿದಾರೆ. ವಾಪಸ್ ಬಂದು ಉಳಿದರ್ಧ ಕುಡಿದ್ಮೇಲೆ ಸತ್ತರು. ಅವರು ಹೊರಗಿದ್ದಾಗಲೇ ಯಾರೋ ಹಾಕಿದಾರೆ. ಡ್ರಿಕ್ಕೆಸ್ ಆ ಮೇಜಿನ ಹತ್ರ ನಿಲ್ಲಲೇ ಇಲ್ಲ. ಮುಚ್ಚಿದ್ದು ನೋಡಿ ಹಾದುಹೋದ."

"ಮುಚ್ಚಿತ್ತು ಅಂತ ಹೇಳ್ತಿರೋದು ಅವನೊಬ್ಬನೇ."

ಅಲ್ಮೂತ್ ವೀಬ್ಕೆಗೆ ಫೋನ್ ಮಾಡಿದಳು. ವೀಬ್ಕೆ ಇನ್ನೂ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಹೌದು, ಮುಚ್ಚಿತ್ತು. ನಾವೆಲ್ಲ ಬಿಯರ್ ಹಂಡೆಗಳ ಹತ್ರ ಟೋಪಿ ಹಾಕ್ಕೊಂಡು ಫೋಟೋ ತೆಗೀತಿದ್ವಿ. ಅಲ್ಲಿಂದ ಕಾಣ್ತು. ಅಬ್ಬಾ, ಸಾಕು ಅಂದ್ರು, ಇನ್ನು ಎದ್ದು ಹೋಗ್ತಾರೆ ಅಂತ ಖುಷಿಪಟ್ಟೆ. ಪಾಪಿ ನಾನು."

"ಮೇಜಿನ ಹತ್ರ ಯಾರಿದ್ರು?"

"ಮೇಡಂ ಒಬ್ಬರೇ. ಅವರ ಹೆಂಡತಿ."

ಅಲ್ಮೂತ್ ಫೋನ್ ಇಟ್ಟಳು. "ಈಗ ಹೇಳು ಯಾನ್ಸೆನ್. ಸಾಕು ಅಂತ ಲೋಟ ಮುಚ್ಚಿ ಹೋದವನು, ಬಂದ ತಕ್ಷಣ ಇನ್ನೊಂದು ಎಲ್ಲಿ ಅಂತ ಯಾಕೆ ಬೈತಾನೆ?"

"ಸಾಕು ಅಂತ ಯಾರು ಹೇಳಿದ್ರು? ಮುಚ್ಚಿಟ್ಟು ಹೋದ್ರೆ ವಾಪಸ್ ಬರ್ತೀನಿ, ತೆಗೀಬೇಡಿ ಅಂತ ತಾನೆ?"

ಅಲ್ಮೂತ್ ಅವನನ್ನೇ ನೋಡಿದಳು.

"ಏನಾಯ್ತು ಮೇಡಂ?"

"ನೀನು ಇಲ್ಲಿ ಬ್ರೂಪಬ್‌ಗೆ ಹೋಗಿದೀಯಾ?"

"ಇಲ್ಲ. ನಾನು ಕುಡಿಯಲ್ಲ."

"ಇಲ್ಲಿ ಲೋಟ ಖಾಲಿಯಾದ್ರೆ ಸಪ್ಲೈಯರ್ ಕೇಳಲ್ಲ. ಇನ್ನೊಂದು ಇಟ್ಟು ಹೋಗ್ತಾನೆ. ನೀನು ಬಿಲ್ಲೆ ಮುಚ್ಚೋವರೆಗೂ ಇಡ್ತಾನೇ ಇರ್ತಾನೆ. ಮುಚ್ಚಿದ್ರೆ ಮುಗೀತು ಅಂತ. ಇಡೀ ಪ್ರಾಂತ್ಯದಲ್ಲಿ ಮಕ್ಕಳಿಗೂ ಗೊತ್ತು. ಎಸ್ಸರ್ ಈ ಊರಲ್ಲೇ ಹುಟ್ಟಿದೋರು. ಅವರು ಮುಚ್ಚಿಲ್ಲ. ಈ ಪದ್ಧತಿ ಗೊತ್ತಿಲ್ಲದ ಯಾರೋ ಮುಚ್ಚಿದಾರೆ."

"ಹಾಗಾದ್ರೆ ವೀಬ್ಕೆ. ಅವಳೂ ನಮ್ಮ ಉತ್ತರದ ಕಡೆಯವಳು."

"ಅವಳು ಬಂದ ಮೊದಲನೇ ದಿನ ಮುಚ್ಚೋದು ಗೊತ್ತಿಲ್ಲದೆ ಹನ್ನೊಂದು ಲೋಟ ಕುಡಿದ್ಲಂತೆ. ಪ್ರಯೋಗಾಲಯದಲ್ಲಿ ಇವತ್ತಿಗೂ ಹೇಳಿಕೊಂಡು ನಗ್ತಾರೆ. ಒಂಬತ್ತು ವರ್ಷ ಆಯ್ತು. ಅವಳು ಮರೆಯೋಕೆ ಸಾಧ್ಯ ಇಲ್ಲ." ಅಲ್ಮೂತ್ ಎದ್ದು ಕೋಟು ತೊಟ್ಟಳು. "ಬಿಲ್ಲೆಗಳ ಚೀಲ ತಗೊಂಡು ಲ್ಯಾಬಿಗೆ ಓಡು. ಮೇಲಿನ ಬೆರಳಚ್ಚು, ಕೆಳಗಿನ ನೊರೆ, ಎರಡೂ ನೋಡಿಸು."

*

ಎಸ್ಸರ್ ಅವರ ಮನೆ ರೈನ್ ನದಿಯ ದಂಡೆಯಲ್ಲಿತ್ತು. ಹೈಡ್ರೂನ್ ಕಾಫಿ ಕೊಟ್ಟರು.

"ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು ಮೇಡಂ?"

"ಮೂವತ್ತೊಂದು. ನಂದು ದಕ್ಷಿಣದ ಹಳ್ಳಿ. ನನ್ನ ಮಾತಿನ ಧಾಟಿ ಕೇಳಿದ್ರೆ ಅವರಿಗೆ ಅವಮಾನ ಆಗ್ತಿತ್ತು. ಅದಕ್ಕೆ ಹೊರಗೆ ಕರ್ಕೊಂಡು ಹೋಗ್ತಿರಲಿಲ್ಲ."

"ಒಂದು ಸಣ್ಣ ವಿಷಯ. ನನಗೆ ಸಣ್ಣದನ್ನೆಲ್ಲ ಕೇಳೋ ಕೆಟ್ಟ ಚಾಳಿ. ನಿಮ್ಮ ಯಜಮಾನರು ಹೊರಗೆ ಹೋದಾಗ ಅವರ ಲೋಟದ ಮೇಲೆ ಬಿಲ್ಲೆ ಯಾಕೆ ಇತ್ತು?"

"ಅವರೇ ಮುಚ್ಚಿ ಹೋದ್ರು. ಆಮೇಲೆ ಬಂದು ಕುಡೀತೀನಿ, ಯಾರೂ ತೆಗೀಬೇಡಿ ಅಂತ. ಎಲ್ಲ ಕಡೆ ಹಾಗೇ ತಾನೆ?"

"ಎಲ್ಲ ಕಡೆ ಹಾಗೆ. ಈ ಊರಲ್ಲಿ ಮಾತ್ರ ಹಾಗಲ್ಲ. ಇಲ್ಲಿ ಮುಚ್ಚಿದ್ರೆ ಸಾಕು, ಇನ್ನು ತರಬೇಡ ಅಂತ. ನಿನ್ನೆ ಆ ಹಾಲ್‌ನಲ್ಲಿದ್ದ ಅರವತ್ತು ಜನರಿಗೂ ಅದು ಗೊತ್ತು. ನಿಮ್ಮ ಯಜಮಾನರು ಕೈಯಾರೆ ಮುಚ್ಚಿದ್ರೆ ಆಮೇಲೆ ಹೊಸದು ಯಾಕೆ ಇಟ್ಟಿಲ್ಲ ಅಂತ ಕೂಗಾಡ್ತಿರಲಿಲ್ಲ. ಮುಚ್ಚಿದೋರಿಗೆ ಒಂದೇ ಹೆದರಿಕೆ ಇತ್ತು. ಡ್ರಿಕ್ಕೆಸ್ ಬಂದು ಆ ಅರ್ಧ ಲೋಟ ಎತ್ತಿಬಿಟ್ರೆ ಅಂತ. ಯಾಕಂದ್ರೆ ಔಷಧ ಅದರಲ್ಲಿತ್ತು."

ಹೈಡ್ರೂನ್ ತಮ್ಮ ಕಾಫಿ ಬಟ್ಟಲನ್ನು ಕೈಗೆತ್ತಿಕೊಂಡರು.

"ಮೂವತ್ತೊಂದು ವರ್ಷ ಇಲ್ಲಿದ್ದೂ ಆ ಪದ್ಧತಿ ಗೊತ್ತಿಲ್ಲದೆ ಇರೋಕೆ ಒಬ್ಬರಿಗೆ ಮಾತ್ರ ಸಾಧ್ಯ. ಒಮ್ಮೆಯೂ ಜೊತೇಲಿ ಕರ್ಕೊಂಡು ಹೋಗಿರದ ಹೆಂಡತಿಗೆ."

ಅಲ್ಮೂತ್‌ಳ ಫೋನ್ ಮಿನುಗಿತು. ಯಾನ್ಸೆನ್ ಸಂದೇಶ. ಅವಳು ಅದನ್ನು ಎರಡು ಸಲ ಓದಿದಳು.

"ಬಿಲ್ಲೆಯ ಕೆಳಗೆ ಅಂಟಿದ ನೊರೆಯಲ್ಲಿ ಔಷಧ ಇದೆ. ಮೇಲೆ ಒಂದು ಹೆಬ್ಬೆರಳಿನ ಗುರುತು. ನಿಮ್ಮ ನೀರಿನ ಲೋಟದ ಮೇಲೆ ಇದ್ದಿದ್ದೂ ಅದೇ."

ಹೈಡ್ರೂನ್ ಕಾಫಿ ಬಟ್ಟಲನ್ನು ನಿಧಾನವಾಗಿ ತಟ್ಟೆಯ ಮೇಲಿಟ್ಟರು.

"ಅಕ್ಟೋಬರ್‌ನಲ್ಲಿ ಅಮ್ಮ ಸಾಯ್ತಿದ್ರು. ನಾಲ್ಕು ಗಂಟೆ ದಾರಿ. ಅವತ್ತು ಮನೆಗೆ ಸ್ವೀಡನ್‌ನಿಂದ ಅತಿಥಿಗಳು ಬರೋರಿದ್ರು. ನೀನು ಹೋದ್ರೆ ಬಡಿಸೋರು ಯಾರು, ನಿಮ್ಮಮ್ಮ ನಾಳೆನೂ ಸಾಯಬಹುದಲ್ಲ ಅಂದ್ರು. ಅಮ್ಮ ಅವತ್ತೇ ಹೋದ್ರು. ಅಮ್ಮನ ಪಕ್ಕದ ಮನೆಯವರು ಪಾರ್ಸೆಲ್ ಕಳಿಸಿದ್ರು. ಕನ್ನಡಕ, ಜಪಸರ, ಹೃದಯದ ಹನಿಯ ಶೀಷೆ."

"ಮನೆಯಲ್ಲೇ ಯಾಕೆ ಕೊಡಲಿಲ್ಲ?"

"ಅವತ್ತಿಂದ ನನ್ನ ಕೈಯ ಅಡುಗೆ ಮುಟ್ತಿರಲಿಲ್ಲ. ನೀನು ನೋಡೋ ರೀತಿ ಸರಿ ಇಲ್ಲ ಅಂತಿದ್ರು. ಹೆದರಿದ್ರು. ನನಗೆ ಹೆದರಿದ್ದು ಅದೊಂದೇ ಸಲ." ಅವರ ಮುಖದಲ್ಲಿ ಸಣ್ಣ ತೃಪ್ತಿ ಮೂಡಿತು. "ಹೊರಗೆ ಬೇರೆಯವರ ಕೈಯಿಂದ ಏನು ಬೇಕಾದರೂ ಕುಡೀತಿದ್ರು."

"ಶೀಷೆಯನ್ನ ಡ್ರಿಕ್ಕೆಸ್ ಜೇಬಿಗೆ ಹಾಕಿದ್ದು?"

"ಹೊಸ ಲೋಟ ಇಡೋಕೆ ಬಗ್ಗಿದಾಗ."

"ಅವನು ನಿಮಗೇನು ಮಾಡಿದ್ದ?"

ಹೈಡ್ರೂನ್ ನಿಜವಾಗಿಯೂ ಯೋಚಿಸಿದರು.

"ನನಗೆ ಏನೂ ಮಾಡಿಲ್ಲ. ಹತ್ತಿರ ಇದ್ದ ಅಷ್ಟೇ."

*

ಅಂದೇ ಮಧ್ಯಾಹ್ನ ಅಲ್ಮೂತ್ ಡ್ರಿಕ್ಕೆಸ್‌ನನ್ನು ತಾನೇ ಕಾರಿನಲ್ಲಿ ಕರೆತಂದಳು. ತಪ್ಪು ತನ್ನದು, ಮಾಲೀಕನಿಗೆ ತಾನೇ ಹೇಳಬೇಕು ಎಂದು ಹಟ ಹಿಡಿದಿದ್ದಳು. ದಾರಿಯಲ್ಲಿ ಎರಡು ಸಲ ಕ್ಷಮೆ ಕೇಳಿದಳು.

"ಬಿಡಿ ಮೇಡಂ. ನಿಮ್ಮ ಕೋಣೇಲಿ ಹಾಸಿಗೆ ಗಟ್ಟಿ, ಆದ್ರೆ ಯಾರೂ ಕುಡಿದು ಹಾಡಲ್ಲ" ಎಂದ ಡ್ರಿಕ್ಕೆಸ್. ನಾಲಿಗೆ ಮರಳಿತ್ತು.

ಹಾಲ್ ತುಂಬಿತ್ತು. ಪ್ರೊಫೆಸರ್ ಸತ್ತ ಮೇಜಿನಲ್ಲಿ ಕೂರಲು ವಿದ್ಯಾರ್ಥಿಗಳು ಸಾಲು ನಿಂತಿದ್ದರು. ಅಲ್ಮೂತ್ ಕೌಂಟರಿನ ಬಳಿ ನಿಂತು, ಎಲ್ಲರಿಗೂ ಕೇಳುವಂತೆ, ಡ್ರಿಕ್ಕೆಸ್ ನಿರಪರಾಧಿ ಎಂದಳು. ಕೊಂದದ್ದು ಯಾರು, ಹೇಗೆ ಎಂದು ಬಿಡಿಸಿ ಹೇಳಿದಳು. ಕೆಲವರು ಚಪ್ಪಾಳೆ ತಟ್ಟಿದರು. ಮಾಲೀಕ ಕ್ಲೆಫಿಷ್ ಅವನನ್ನು ತಬ್ಬಿಕೊಂಡ.

"ನನಗೆ ಗೊತ್ತಿತ್ತು ಕಣೋ. ಒಂದು ಕ್ಷಣವೂ ಅನುಮಾನ ಪಟ್ಟಿಲ್ಲ."

"ನನ್ನ ಏಪ್ರನ್ ಎಲ್ಲಿ?"

ಹಾಲ್‌ನಲ್ಲಿ ಬೇರೊಬ್ಬ ತಟ್ಟೆ ಹಿಡಿದು ಓಡಾಡುತ್ತಿದ್ದ. ಕ್ಲೆಫಿಷ್ ಅವನತ್ತ ನೋಡಿ, ಮತ್ತೆ ಡ್ರಿಕ್ಕೆಸ್ ಕಡೆ ತಿರುಗಿದ.

"ನೋಡು, ಆ ವಿಡಿಯೋ ಊರೆಲ್ಲ ಓಡಾಡಿದೆ. ಈ ಸುದ್ದಿ ಅಷ್ಟು ಬೇಗ ಓಡಲ್ಲ. ಸ್ವಲ್ಪ ದಿನ ನೆಲಮಾಳಿಗೆಯಲ್ಲಿರು. ಪೀಪಾಯಿ ತೊಳಿ. ಜನ ಮರೆತ ಮೇಲೆ ನೋಡೋಣ."

"ಎಷ್ಟು ದಿನ?"

"ನೋಡೋಣ ಅಂದೆನಲ್ಲ."

"ನಾನು ಎಲ್ಲರ ಮುಂದೆ ಹೇಳಿದೆ" ಎಂದಳು ಅಲ್ಮೂತ್.

"ಹೇಳಿದ್ರಿ ಮೇಡಂ. ತುಂಬಾ ಉಪಕಾರ. ಇದು ವ್ಯಾಪಾರ."

ಡ್ರಿಕ್ಕೆಸ್ ಬಾಯಿ ತೆರೆದ. ಬೆಂಚುಗಳಲ್ಲಿದ್ದವರು ಅವನ ಉತ್ತರಕ್ಕೆ ಕಾದು ಕಿವಿ ನಿಮಿರಿಸಿದರು. ಮೂವತ್ನಾಲ್ಕು ವರ್ಷದಲ್ಲಿ ಅವನು ಮಾತಿಗೆ ಮಾತು ಕೊಡದೆ ಬಿಟ್ಟವನೇ ಅಲ್ಲ.

ಬಾಯಿ ಮುಚ್ಚಿದ. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ತೋಳು ಮಡಚಿ, ನೆಲಮಾಳಿಗೆಯ ಮೆಟ್ಟಿಲು ಇಳಿದ.

ಅಲ್ಮೂತ್ ಕೌಂಟರಿನ ಬಳಿಯೇ ನಿಂತಿದ್ದಳು. ಇದಕ್ಕೆ ಯಾವ ಕಲಮು ಹಾಕಬಹುದೆಂದು ಮನಸ್ಸಿನಲ್ಲೇ ಒಂದೊಂದಾಗಿ ಹುಡುಕಿದಳು. ಎರಡು ಸಲ ಹುಡುಕಿದಳು. ಕೆಳಗಿನಿಂದ ಪೀಪಾಯಿ ಉರುಳುವ ಸದ್ದು ಬರತೊಡಗಿತು.